ಜವರಮ್ಮನ ಖಾಲಿ ಬುಟ್ಟಿ

ಅಜ್ಜಂಪುರದಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಬುಕ್ಕಾಂಬುಧಿ ಕಡೆಯ ಮೊದಲ ಬಸ್ಸಿನಿಂದ ಇಳಿದ ಸೊಪ್ಪಿನ ಗಂಟುಗಳನ್ನು ಬಿಚ್ಚಿ, ಜವರಮ್ಮ ದಂಟು, ಸಬ್ಬಸಿಗೆ, ಮೆಂತ್ಯವನ್ನು ತಳ್ಳುಗಾಡಿಯಲ್ಲಿ ಜೋಡಿಸಿ ನೀರು ಚಿಮುಕಿಸುತ್ತಾರೆ. ಆಮೇಲೆ ಹಳೇ ಸೀರೆಯ ತುಂಡಿನಿಂದ ಸಿಂಬೆ ಸುತ್ತಿ ನೆತ್ತಿಯ ಮೇಲಿಟ್ಟು, ಅದರ ಮೇಲೊಂದು ಬಿದಿರಿನ ಬುಟ್ಟಿ ಕೂರಿಸಿಕೊಂಡು ಗಾಡಿ ತಳ್ಳತೊಡಗುತ್ತಾರೆ. ಗಾಡಿಯ ತುಂಬ ಸೊಪ್ಪು. ಬುಟ್ಟಿಯಲ್ಲಿ ಮಾತ್ರ ಒಂದು ಕಡ್ಡಿಯೂ ಇಲ್ಲ!

ಮದುವೆಯಾಗಿ ಬಂದಾಗಿನಿಂದ ಅವರದು ಸೊಪ್ಪು ಹೊತ್ತು ಮಾರುವ ಬದುಕು. ಗಂಡ ಗಿಡ್ಡಪ್ಪ ತೀರಿಕೊಂಡ ಮೇಲೆ ಮಗ ಹೊನ್ನೇಶನನ್ನು ಓದಿಸಿದ್ದೂ ಇದೇ ಬುಟ್ಟಿ. ಕೆಲವು ವರ್ಷಗಳ ಹಿಂದೆ, ಹೊರೆ ಇಳಿಸಿ ಕೂತಾಗಲೆಲ್ಲ ಕತ್ತು ತಾನಾಗಿಯೇ ಎಡಕ್ಕೆ ತಿರುಗಲು ಶುರುವಾಯಿತು. ಕೈಯಿಂದ ಎಳೆದು ಸರಿಮಾಡಿದರೂ ಬಿಟ್ಟ ತಕ್ಷಣ ಮತ್ತೆ ಎಡಕ್ಕೆ. ‘ಹೊತ್ತೂ ಹೊತ್ತೂ ಕತ್ತು ತಿರುಚ್ಕೊಂಡೈತೆ’ ಎಂದು ಇಡೀ ಕೇರಿ ತೀರ್ಪು ಕೊಟ್ಟಿತು. ಎಣ್ಣೆ ತಿಕ್ಕಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ಕೊನೆಗೆ ಹೊನ್ನೇಶ ಬುಟ್ಟಿಯನ್ನು ಅಟ್ಟಕ್ಕೆ ಹಾಕಿ ತಳ್ಳುಗಾಡಿ ತಂದ.

‘ಮೊದ್ಲನೇ ದಿನಾನೇ ಗಾಡೀನ ಚರಂಡಿಗಿಳಿಸ್ದೆ ಕಣ್ರೀ’ ಎಂದು ಜವರಮ್ಮ ನಗುತ್ತಾರೆ. ‘ಗಾಡಿ ಮುಂದಕ್ಕೋಯ್ತದೆ, ನನ್ ಮುಖ ಗೋಡೆ ಕಡೆ. ಎದ್ರಿಗೆ ಬರೋ ಲಾರೀನೂ ಕಾಣಾಕಿಲ್ಲ. ಯಾಪಾರ ಸಾಕು, ಮನೇಲಿರು ಅಂದ್ಬಿಟ್ಟ ಮಗ.’ ದುಡಿದೇ ಬದುಕಿದ ಜೀವಕ್ಕೆ ಅದಕ್ಕಿಂತ ಕಷ್ಟದ ಮಾತಿಲ್ಲ.

ಒಂದು ಸಂಜೆ ಹೊನ್ನೇಶ ಕೆಲಸ ಮುಗಿಸಿ ಬಂದರೆ, ಅವ್ವ ಅಂಗಳದಲ್ಲಿ ಬುಟ್ಟಿ ಹೊತ್ತು ಓಡಾಡುತ್ತಿದ್ದಾಳೆ. ‘ಮತ್ತೆ ಹೊತ್ಯೇನವ್ವಾ? ಎಷ್ಟು ಸಲ ಹೇಳೋದು?’ ಎಂದು ರೇಗಿ ಇಳಿಸಿದ. ನೋಡಿದರೆ ಬುಟ್ಟಿ ಖಾಲಿ. ಅಷ್ಟರಲ್ಲಿ ಅದುವರೆಗೆ ನೆಟ್ಟಗಿದ್ದ ಅವ್ವನ ಕತ್ತು ಅವನ ಕಣ್ಣೆದುರೇ ಎಡಕ್ಕೆ ತಿರುಗಿತು. ದಂಗಾದ ಮಗ ಬುಟ್ಟಿಯನ್ನು ತಾನೇ ಮತ್ತೆ ತಲೆಯ ಮೇಲಿಟ್ಟ. ಕತ್ತು ನೆಟ್ಟಗಾಯಿತು!

‘ಇಲಿ ಕಡೀತದೆ ಅಂತ ಅಟ್ಟದಿಂದ ಇಳ್ಸಿದ್ದೆ’ ಎನ್ನುತ್ತಾರೆ ಜವರಮ್ಮ. ‘ಕೈಗೆ ಬಂದ ಬುಟ್ಟಿ ತಲೆಗೆ ಹೋಗ್ದೆ ಇರ್ತದಾ?’

ಶಿವಮೊಗ್ಗದ ನರರೋಗ ವೈದ್ಯರು ಇದನ್ನು ಡಿಸ್ಟೋನಿಯಾ ಎಂದರು. ತಪ್ಪು ಕತ್ತಿನದಲ್ಲ, ಹೊರೆಯದೂ ಅಲ್ಲ. ಮಿದುಳಿನ ಆಳದಲ್ಲಿದ್ದು ಮೈಯ ಚಲನೆಯನ್ನು ಹದದಲ್ಲಿಡುವ ಭಾಗ ಹಳಿ ತಪ್ಪಿದೆ. ಅಚ್ಚರಿಯೆಂದರೆ, ಇಂಥ ಕೆಲವರಿಗೆ ಗಲ್ಲಕ್ಕೋ ನೆತ್ತಿಗೋ ಏನಾದರೂ ತಾಗಿದರೆ ಸಾಕು, ಎಳೆಯುವ ಸ್ನಾಯು ಆ ಹೊತ್ತಿಗೆ ಸಡಿಲುತ್ತದೆ. ಹೀಗೇಕೆ ಎಂಬುದು ವೈದ್ಯರಿಗೂ ಪೂರ್ತಿ ಬಗೆಹರಿದಿಲ್ಲ. ಕೆಲವು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್‌ನಿಂದ ನೋವು ಇಳಿದಿದೆ. ಉಳಿದದ್ದನ್ನು ಖಾಲಿ ಬುಟ್ಟಿ ನೋಡಿಕೊಳ್ಳುತ್ತದೆ.

ಪೇಟೆ ಬೀದಿಯಲ್ಲಿ ಬೆಳಕು ಹರಿದಿದೆ. ಹೋಟೆಲಿನ ಮುಂದೆ ಟೀ ಕುಡಿಯುತ್ತಿದ್ದವನೊಬ್ಬ ಕೂಗುತ್ತಾನೆ: ‘ಏನಜ್ಜಿ, ಗಾಡಿ ಇಟ್ಕೊಂಡು ಬುಟ್ಟಿ ಬ್ಯಾರೆ ಹೊತ್ತಿದ್ದೀಯಲ್ಲ, ತಲೆಗಿಲೆ ಕೆಟ್ಟೈತಾ?’ ಸುತ್ತಲಿದ್ದವರು ನಗುತ್ತಾರೆ. ಜವರಮ್ಮ ಗಾಡಿ ನಿಲ್ಲಿಸುವುದಿಲ್ಲ. ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ ಹೇಳುತ್ತಾರೆ:

‘ನಗ್ಲಿ ಬಿಡಿ. ನಗೋರ ಮುಖ ನಂಗೆ ನೆಟ್ಟಗೆ ಕಾಣ್ತದಲ್ಲ, ಅಷ್ಟು ಸಾಕು.’