ಕೂದಲು ಸರಿಸಿ ನೋಡುವ ಗಂಗಹನುಮಯ್ಯ

ಬೆಳಗಿನ ಆರು ಗಂಟೆ. ಗುಬ್ಬಿ ಬಸ್‌ಸ್ಟ್ಯಾಂಡ್ ಹಿಂದಿನ ಕಟಿಂಗ್ ಶಾಪಿನಲ್ಲಿ ಗಂಗಹನುಮಯ್ಯನವರು ಕತ್ತರಿಗೆ ಇನ್ನೂ ಕೈ ಹಾಕಿಲ್ಲ. ಕುರ್ಚಿಯಲ್ಲಿ ಕೂತ ಕಡಬದ ಅಡವಿಯಪ್ಪನವರ ಕೂದಲನ್ನು ಬೆರಳಿನಿಂದ ಸರಿಸಿ ಸರಿಸಿ ನೋಡುತ್ತಿದ್ದಾರೆ.

“ಅಣ್ಣ, ಈ ಗಾಯ ಹೋದ್ ತಿಂಗ್ಳೂ ಇತ್ತು. ವಾಸಿ ಆಗಿಲ್ಲ. ಡಾಕ್ಟ್ರಿಗೆ ತೋರ್ಸೋಣ ನಡಿ.”

“ಬಾಚಣಿಗೆ ತಾಗಿರ್ಬೇಕು ಬುಡು. ಕಟಿಂಗ್ ಮಾಡ್ಲಾ ಅಂದ್ರೆ ಡಾಕ್ಟ್ರಾಗ್ಬುಟ್ಯಲ್ಲ!” ಎಂದು ಅಡವಿಯಪ್ಪ ರೇಗುತ್ತಾರೆ.

ಅರವತ್ತಾರರ ಗಂಗಹನುಮಯ್ಯ ಹೀಗೆ ಹಠ ಹಿಡಿಯುವುದಕ್ಕೆ ಕಾರಣವಿದೆ. ಅವರಿಗೆ ಏಳು ವರ್ಷವಿದ್ದಾಗ ಕಡಬದ ಮಕ್ಕಳ ತಲೆಯಲ್ಲಿ ಹುಳುಕಡ್ಡಿ ಎದ್ದಿತ್ತು. ಹನ್ನೊಂದು ಮಕ್ಕಳನ್ನು ಒಂದೇ ವ್ಯಾನಿನಲ್ಲಿ ತುಮಕೂರಿಗೆ ಕರೆದೊಯ್ದು ತಲೆಗೆ ಎಕ್ಸ್‌ರೇ ಕೊಡಿಸಿದರು. ಇವರೂ ಅಡವಿಯಪ್ಪನವರೂ ಆ ಹನ್ನೊಂದರಲ್ಲಿದ್ದವರೇ. ಮೂರು ವಾರಕ್ಕೆ ಕೂದಲೆಲ್ಲ ಉದುರಿ ಹುಳುಕಡ್ಡಿ ಹೋಯಿತು, ಹೊಸ ಕೂದಲೂ ಬಂತು. ಊರಿಗೆ ಊರೇ ಖುಷಿಪಟ್ಟಿತು. ಆ ಕಿರಣ ಐವತ್ತರವತ್ತು ವರ್ಷದ ಮೇಲೂ ನೆತ್ತಿಯಲ್ಲೋ ಕುತ್ತಿಗೆಯ ಥೈರಾಯ್ಡಿನಲ್ಲೋ ಕ್ಯಾನ್ಸರಾಗಿ ಏಳಬಹುದೆಂದು ಅವರಿಗೆ ಹೇಳಿದವರಿಲ್ಲ.

ಕಸುಬಿನ ಜೊತೆಗೆ ಅಪ್ಪ ಒಂದು ಕಟ್ಟುಪಾಡನ್ನೂ ಕಲಿಸಿದ್ದರು. ಗಿರಾಕಿಯ ತಲೆಯಲ್ಲಿ ಬೋಳು ಕಂಡರೂ ಗಾಯ ಕಂಡರೂ ಬಾಯಿ ಬಿಡಬಾರದು. ಕಾಣದ ಹಾಗೆ ಕೂದಲು ಕೂರಿಸಿ ಕಳಿಸಬೇಕು. ಅದೇ ವ್ಯಾನಿನಲ್ಲಿ ಹೋಗಿದ್ದ ಏಕಾಂತಯ್ಯ ಮೇಷ್ಟ್ರು ಕುಣಿಗಲ್ಲಿನಿಂದ ತಿಂಗಳಿಗೊಮ್ಮೆ ಇವರ ಹತ್ತಿರವೇ ಬರುತ್ತಿದ್ದರು. ಅವರ ನೆತ್ತಿಯ ಹುಣ್ಣನ್ನು ಒಂದೂವರೆ ವರ್ಷ ಇವರು ಹೀಗೇ ಮುಚ್ಚಿದರು. ಗೊತ್ತಾಗುವಷ್ಟರಲ್ಲಿ ಅದು ಮೂಳೆಗೆ ಇಳಿದಿತ್ತು. ಮೇಷ್ಟ್ರು ಉಳಿಯಲಿಲ್ಲ.

“ಮರ್ಯಾದೆ ಕಾಪಾಡ್ತಿದೀನಿ ಅನ್ಕೊಂಡಿದ್ದೆ ಸ್ವಾಮಿ. ಈ ಕೈಯಲ್ಲೇ ಮುಚ್ಚಿದ್ದು,” ಎಂದು ಬೆಂಚಿನಲ್ಲಿ ಕೂತ ನನಗೆ ಹೇಳುವಾಗ ಅವರ ದನಿ ಇಳಿಯುತ್ತದೆ.

ಮೇಷ್ಟ್ರನ್ನು ನೋಡುತ್ತಿದ್ದ ಡಾಕ್ಟರೇ ಆ ಹಳೆಯ ಎಕ್ಸ್‌ರೇ ಇದಕ್ಕೆಲ್ಲ ಮೂಲವೆಂದು ತಿಳಿಸಿ, ಇವರ ಕುತ್ತಿಗೆಯನ್ನೂ ಮುಟ್ಟಿ ನೋಡಿ ಗಂಟು ಪತ್ತೆ ಮಾಡಿದರು. ಆಪರೇಷನ್ ಆಯಿತು, ಈಗ ದಿನಾ ಬೆಳಗ್ಗೆ ಒಂದು ಮಾತ್ರೆ. ಕೆಲಸ ಬಿಟ್ಟಿಲ್ಲ. ದಿನಕ್ಕೆ ಹದಿನೈದು ತಲೆ, ಭಾನುವಾರ ಮೂವತ್ತು. ಮಂಗಳವಾರ ಅಂಗಡಿಗೆ ರಜೆ. ಅವತ್ತು ಹಳೆಯ ವ್ಯಾನಿನವರನ್ನು ಹುಡುಕಿಕೊಂಡು ಹೊರಡುತ್ತಾರೆ. ಸಿಕ್ಕವರಲ್ಲಿ ಇಬ್ಬರ ಹುಣ್ಣನ್ನು ಸಣ್ಣದಿರುವಾಗಲೇ ತೆಗೆಸಿದ್ದಾರೆ. ನಾಲ್ವರು ಇನ್ನೂ ಸಿಕ್ಕಿಲ್ಲ. “ರಜಾ ದಿನಾನೂ ಮನೇಲಿರಾಕಿಲ್ಲ,” ಎಂದು ಗೊಣಗುತ್ತಲೇ ಹೆಂಡತಿ ರಂಗಮ್ಮ ಬುತ್ತಿ ಕಟ್ಟಿಕೊಡುತ್ತಾರೆ.

ಅಡವಿಯಪ್ಪನವರ ಕಟಿಂಗ್ ಮುಗಿಯುತ್ತ ಬಂದಿದೆ. ಗಂಗಹನುಮಯ್ಯ ಗಾಯದ ಮೇಲೆ ಕೂದಲು ಕೂರಿಸುವುದಿಲ್ಲ. ಸುತ್ತ ಅಗಲವಾಗಿ ಮಷೀನ್ ಆಡಿಸಿ, ತಲೆಯ ಹಿಂದೆ ಕನ್ನಡಿ ಹಿಡಿಯುತ್ತಾರೆ. ಅಡವಿಯಪ್ಪ ಬಹಳ ಹೊತ್ತು ನೋಡುತ್ತಾರೆ. ರೇಗಾಟವೆಲ್ಲ ಇಳಿದುಹೋಗಿದೆ.

“ಇಷ್ಟು ದೊಡ್ಡದಾಗೈತೇನ್ಲಾ?”

“ಮಂಗಳವಾರ ಏಳೂವರೆ ಬಸ್ಸಿಗೆ ಬಾರಣ್ಣ. ಜೊತೇಲಿ ನಾನಿರ್ತೀನಿ.”

ಅಡವಿಯಪ್ಪ ತಲೆಯಾಡಿಸುತ್ತಾರೆ. ಅವರು ಹೋದ ಮೇಲೆ, ನಿಮಗೇನು ಆಸೆ ಎಂದು ಗಂಗಹನುಮಯ್ಯನವರನ್ನು ಕೇಳುತ್ತೇನೆ. ಅವರು ಬಟ್ಟೆ ಕೊಡವುತ್ತ ಹೇಳುತ್ತಾರೆ:

“ಆ ನಾಲ್ಕು ಜನ ಬದುಕಿದ್ರೆ, ಯಾವೂರಲ್ಲಾದ್ರೂ ಕಟಿಂಗ್ ಮಾಡಿಸ್ಕೊತಾನೇ ಇರ್ತಾರಲ್ಲ ಸ್ವಾಮಿ. ಅಲ್ಲಿ ಕತ್ತರಿ ಹಿಡ್ದಿರೋನು ಬಾಯಿ ಬಿಡ್ಲಿ, ಸಾಕು.”