ಕರುಳಿಗೂ ಮೈಗೂ ನಡುವಿನ ಜಾಗ

ಮೈಸೂರಿಗೆ ಸೇರುವ ಮುಂಚೆ ಕೊಡಗು ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಆ ದಿನಗಳಲ್ಲಿ, ಭಾಗಮಂಡಲದ ಕಡೆಯ ಮಕ್ಕಳಿಗೆ ಜಿಗಣೆ ಹೊಸದಲ್ಲ. ಕಾಲಿಗೆ ಹತ್ತುತ್ತಿತ್ತು, ಸುಣ್ಣ ತಾಗಿಸಿದರೆ ಉದುರುತ್ತಿತ್ತು. ಆದರೆ ಆ ಮಳೆಗಾಲ ನಾನು ಶಾಲೆಯಿಂದ ಬರುತ್ತ ತೋಡಿಗೆ ಬಾಯಿ ಹಚ್ಚಿ ನೀರು ಕುಡಿದಾಗ, ನುಣ್ಣನೆಯದೇನೋ ಗಂಟಲಲ್ಲಿ ಇಳಿಯಿತು. ಎಲೆಚೂರೂ ಆಗಿರಬಹುದಿತ್ತು. ನನ್ನ ತಲೆಗೆ ಜಿಗಣೆಯಲ್ಲದೆ ಎಲೆಚೂರು ಹೊಳೆಯುವುದೇ ಇಲ್ಲ.

ಅಜ್ಜಿ ಉಪ್ಪುನೀರು ಕುಡಿಸಿದರು. "ಎಂತದೂ ಇಲ್ಲೆ ಕೂಸೇ, ಅದ್ರ ಕತೆ ಮುಗ್ತ್."

ಮಂಗಳೂರಿನಿಂದ ಬಂದಿದ್ದ ವಿಜ್ಞಾನದ ಮೇಷ್ಟ್ರು ಮರುದಿನವೇ ಬೋರ್ಡಿನ ಮೇಲೆ ಉಂಗುರದೊಳಗೊಂದು ಉಂಗುರ ಬರೆದರು. ಒಳಗಿನದು ಕರುಳು, ಹೊರಗಿನದು ಮೈಗೋಡೆ, ನಡುವೆ ದೇಹಾವಕಾಶ. ಚಪ್ಪಟೆಹುಳುವಿಗೆ ಅದಿಲ್ಲ, ಜಂತುಹುಳುವಿಗೆ ಪೊರೆ ಪೂರ್ತಿ ಸುತ್ತದ ಹುಸಿ ಜಾಗ, ಎರೆಹುಳು, ಜಿಗಣೆ, ಹಂದಿ, ಮನುಷ್ಯರಿಗೆ ನಿಜವಾದದ್ದು. ಪ್ರಾಣಿಗಳನ್ನು ಸಾಲುಸಾಲಾಗಿ ಬೇರ್ಪಡಿಸಲು ಇದೂ ಒಂದು ಗುರುತಂತೆ.

ಜಿಗಣೆಯನ್ನು ನನ್ನ ಸಾಲಿಗೇ ಸೇರಿಸಿದ್ದು ನನಗೆ ಸರಿಬರಲಿಲ್ಲ. ಎದ್ದು ಕೇಳಿದೆ: "ಸಾರ್, ಕರುಳು ಕೊರೆದು ಏನಾದ್ರೂ ಆ ಜಾಗಕ್ಕೆ ಹೋದ್ರೆ?"

"ಮತ್ತೆ ಹೊರಗೆ ಬರ್ಲಿಕ್ಕೆ ದಾರಿಯೇ ಇಲ್ಲ ಮಾರಾಯ್ತಿ!"

ಅಂದರೆ ಅಜ್ಜಿಯ ಉಪ್ಪು ಕರುಳಿನಲ್ಲೇ ಹಾದುಹೋಗಿತ್ತು; ಜಿಗಣೆ ಪಕ್ಕದ ಕೋಣೆಯಲ್ಲಿ ಕೂತಿತ್ತು. ಹೊಟ್ಟೆ ಗುರ್ ಎಂದರೆ ಅದೇ. ಅಜ್ಜಿ ಇನ್ನೊಂದು ಕಡುಬು ಬಡಿಸಿದರೆ, ಸಾಯುವವಳೆಂದು ಬಡಿಸುತ್ತಿದ್ದಾರೆಯೇ ಎಂಬ ಗುಮಾನಿ. ಬಡಿಸದಿದ್ದರೆ, ಸಾಯುವವಳಿಗೆ ದಂಡವೆಂದೇ?

ಕೋವಿ, ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬಕ್ಕೆ ಹಿತ್ತಲಲ್ಲಿ ಹಂದಿ ಕಡಿದರು. ಕರುಳು ತೊಳೆಯುತ್ತಿದ್ದ ಚಿಕ್ಕಪ್ಪನ ಪಕ್ಕ ಕುಕ್ಕರಿಸಿದೆ.

"ಇದ್ರಲ್ಲಿ ತೂತು ಉಟ್ಟಾ?"

"ತೂತು ನಿನ್ನ ತಲೇಲಿ ಉಟ್ಟು. ಎಂತಕೆ?"

ಅಳುತ್ತ ಎಲ್ಲ ಹೇಳಿದೆ. ಅವರು ನಗಲಿಲ್ಲ. ಕರುಳಿನ ಒಂದು ತುದಿಗೆ ಬಾಳೆನಾರು ಬಿಗಿದು, ಇನ್ನೊಂದಕ್ಕೆ ಬಾಯಿಟ್ಟು ಊದಿದರು. ಸುಟ್ಟ ರೋಮದ ವಾಸನೆಯ ನಡುವೆ ಅದು ಬೆಳ್ಳಗೆ ಉಬ್ಬಿತು. ನೀರಿನಲ್ಲಿ ಅದುಮಿ ಹಿಡಿದರು. ಒಂದು ಗುಳ್ಳೆಯೂ ಏಳಲಿಲ್ಲ.

"ನೋಡ್. ಗಾಳಿಗೇ ದಾರಿ ಇಲ್ಲೆ. ನಿನ್ನ ಜಿಗಣೆಗೆ ಎಲ್ಲಿಂದ?"

ಆ ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಹಂದಿಸಾರು, ಕಡುಬು ತಿಂದೆ. ಬೆರಳು ನೆಕ್ಕುವಾಗ ಹೊಳೆಯಿತು: ಊದಿದ್ದು ಹಂದಿಯ ಕರುಳು, ನನ್ನದಲ್ಲ! ಆದರೆ ಹಂದಿಯೂ ನಾನೂ ಒಂದೇ ಸಾಲು, ಮೇಷ್ಟ್ರೇ ಹೇಳಿದ್ದರಲ್ಲ. ಆ ಸಾಲಿನಲ್ಲಿರುವುದು ಮೊದಲ ಸಲ ಸಮಾಧಾನ ತಂದಿತು.

ಈಗ ಹೊಟ್ಟೆ ಗುರ್ ಎಂದರೆ ಮಡಿಕೇರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು "ಏನೂ ಇಲ್ಲ" ಎನ್ನುತ್ತಾರೆ. ಬೇರೆಯವರದ್ದೇನೋ ಎಂದು ಮೂಲೆಯ ಹೆಸರನ್ನು ಮತ್ತೆ ಮತ್ತೆ ಓದುತ್ತೇನೆ. ನಮ್ಮ ಪುಟ್ಟ ರಾಜ್ಯ ಹೋಯಿತು, ಚಿಕ್ಕಪ್ಪನೂ ಹೋದರು. "ಏನೂ ಇಲ್ಲ" ಎನ್ನುವವರಿಗೆ ಕೊರತೆಯಿಲ್ಲ. ನಂಬದವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೆನ್ನೆ ಉಬ್ಬಿಸಿ ಊದಿ ತೋರಿಸುವವರು ಮಾತ್ರ ಉಳಿದಿಲ್ಲ.