ಕಂಪ್ಯೂಟರಿಗೆ ಹಾರ ಹಾಕಿದ ದಿನ

ನಮ್ಮ ಕಂಪ್ಯೂಟರಿನ ಮೇಲೆ ನನಗಿರುವುದು ಅಪ್ಪಟ ಗೃಹಿಣಿಯ ಸಿಟ್ಟು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪ್ರತಿ ಅಪ್‌ಡೇಟ್ ಆದ ಮೇಲೂ ಯಾರೋ ಅಡುಗೆಮನೆಗೆ ನುಗ್ಗಿ ನನ್ನ ಸಾಸಿವೆ ಡಬ್ಬಿಯ ಜಾಗ ಬದಲಿಸಿ ಹೋದಂತಿರುತ್ತದೆ. ಎಡಮೂಲೆಯ ಗುಂಡಿ ಈಗ ನಡುವಿಗೆ ಬಂದು ಕೂತಿದೆ. ಕ್ಯಾಲ್ಕುಲೇಟರ್ ಕಣ್ಣು ಬಿಡುವಷ್ಟರಲ್ಲಿ ನಾನು ಬೆರಳೆಣಿಸಿ ಲೆಕ್ಕ ಮುಗಿಸಿರುತ್ತೇನೆ. ಕೇಳದಿದ್ದರೂ ಹವಾಮಾನ ಹೇಳುತ್ತದೆ. ನಮ್ಮೂರು ಮಸ್ಕಿಯ ಬಿಸಿಲು ಗೊತ್ತಾಗಲು ಕಂಪ್ಯೂಟರ್ ಬೇಕೆ? ಎಲ್ಲಕ್ಕೂ "ದಯವಿಟ್ಟು" ಬೇರೆ. ಹಾಗೆಂದ ಮೇಲೆ ಎದುರಿನವರ ಉತ್ತರಕ್ಕೆ ಕಾಯಬೇಕೆಂದು ಕಾನ್ವೆಂಟಿನ ಸಿಸ್ಟರ್ ನಮಗೆ ಕಲಿಸಿದ್ದರು. ಇದು ಕಾಯುವುದಿಲ್ಲ.

ಈ ಸಲದ ಮಹಾನವಮಿಗೆ ಕುಡಗೋಲು, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಅದಕ್ಕೂ ಪೂಜೆ. ಪೂಜೆಗೆ ಕೂತದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ, ಅದೂ ದುಡಿಯುವಂತಿಲ್ಲ. ಪರದೆಯಲ್ಲಿ ದೇವಿಯ ಚಿತ್ರ ಹೊಳೆಯಲಿ ಎಂದು ನಮ್ಮವರು ಅದನ್ನು ಚಾಲೂ ಮಾಡಿಯೇ ಕೂರಿಸಿದ್ದರು. ಅತ್ತೆ ಚೆಂಡು ಹೂವಿನ ಹಾರ ಹಾಕಿ ಕಾಯಿ ಒಡೆದರು.

ಮಧ್ಯಾಹ್ನ ಪಕ್ಕದ ಮನೆಯ ಶಾಹೀನ್ ಓಡುತ್ತಾ ಬಂದಳು.

"ಕಾಕಾ, ನರ್ಸಿಂಗ್ ಅರ್ಜಿಗೆ ಇವತ್ತು ಐದಕ್ಕ ಲಾಸ್ಟ್ ಅಂತರಿ! ನಾ ನಾಳೆ ಅನ್ಕೊಂಡು ಕುಂತಿದ್ದೆ."

ಅವಳ ಅಂಕಪಟ್ಟಿ ಲಿಂಗಸುಗೂರಿನ ಕಾಲೇಜಿನಲ್ಲಿತ್ತು, ಅದರ ಸ್ಕ್ಯಾನ್ ಪ್ರತಿ ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ. ಕಾಲೇಜಿಗೆ ರಜೆ. ಊರಿನ ನೆಟ್ ಅಂಗಡಿಗಳೂ ಪೂಜೆ ಮುಗಿಸಿ ಶಟರ್ ಎಳೆದಿದ್ದವು.

"ನಾಳೆ ಮುಂಜಾನಿ ತನಕ ಮುಟ್ಟಂಗಿಲ್ಲವ್ವ," ಎಂದರು ಅತ್ತೆ. ಶಾಹೀನ್ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಬೆರಳು ಬೆಳ್ಳಗಾಗುತ್ತಿತ್ತು.

ಎಲ್ಲರೂ ಕಂಪ್ಯೂಟರಿನತ್ತ ನೋಡಿದೆವು. ದೇವಿ ಮಾಯ! ಹಾರದ ಸಂದಿಯಲ್ಲಿ ಅಪ್‌ಡೇಟ್ ನಡೆದಿತ್ತು: ಶೇಕಡಾ ಮೂವತ್ತು, ದಯವಿಟ್ಟು ಆಫ್ ಮಾಡಬೇಡಿ.

"ಮೊದಲಿನ ಕಂಪ್ಯೂಟರ್ ಹಿಂಗಿತ್ತೇನು?" ನಮ್ಮವರು ಗುಡುಗಿದರು. "ಹೇಳಿದಷ್ಟು ಮಾಡಿ ಸುಮ್ನ ಕುಂದರ್ತಿತ್ತು. ಈಗಿಂದು ಬರೇ ಥಳಕು!"

"ವೈರಸ್ ಬಂದ್ರೂ ಸುಮ್ನ ಕುಂದರ್ತಿತ್ತಲ್ರೀ ಕಾಕಾ!" ಅಳು ಬರುವಂತಿದ್ದರೂ ಹುಡುಗಿ ವಾದ ಬಿಡಲಿಲ್ಲ.

"ಏನ್ ಮಾಡಾಕತ್ತೈತಿ ಅದು?" ಅತ್ತೆ ನನ್ನನ್ನು ಕೇಳಿದರು.

"ತನ್ನ ರಿಪೇರಿ ತಾನ ಮಾಡ್ಕೊಳ್ಳಾಕತ್ತೈತ್ರಿ ಅತ್ತಿ."

"ಅಂದ್ರ ದುಡ್ಯಾಕತ್ತೈತಿ?"

"ಹೌದ್ರಿ."

ನೈವೇದ್ಯಕ್ಕೆ ಮೊದಲೇ ಹೋಳಿಗೆ ಮುರಿದವರನ್ನು ನೋಡುವಂತೆ ಅತ್ತೆ ಪರದೆಯನ್ನು ದುರುಗುಟ್ಟಿ ನೋಡಿದರು. "ಹಾರ ತೆಗೀರಿ! ಪೂಜಿ ದಿನ ತನ್ನ ಕೆಲಸ ಮಾಡ್ಕೊಳ್ಳಾಕ ಬರ್ತೈತಂದ್ರ ಹುಡುಗಿ ಕೆಲಸಾನೂ ಮಾಡ್ಲಿ!"

ಹಾಲು ಉಕ್ಕುವುದನ್ನು ಕಾಯುವವರಂತೆ ನಾಲ್ವರೂ ಶೇಕಡಾ ಎಣಿಸಿದೆವು. ನಾಲ್ಕೂವರೆಗೆ ಅದು ಎಚ್ಚರಾಯಿತು, ಐದಕ್ಕೆ ಎಂಟು ನಿಮಿಷವಿರುವಾಗ ಅರ್ಜಿ ಹೋಯಿತು. ಶಾಹೀನ್ ಅತ್ತೆಯನ್ನು ಎತ್ತಿ ಒಂದು ಸುತ್ತು ತಿರುಗಿಸಿಯೇಬಿಟ್ಟಳು.

ಈಗಿನ ಕಂಪ್ಯೂಟರುಗಳ ಗುಣಮಟ್ಟ ಕೆಟ್ಟಿದೆ ಎಂಬ ನಮ್ಮವರ ವಾದಕ್ಕೆ ಈಗಲೂ ನನ್ನ ಸಹಿ ಇದೆ, ಆದರೆ ದಪ್ಪ ಅಕ್ಷರದಲ್ಲಿ ಹಾಕಲಾರೆ. ಆ ದಿನ ಅಲ್ಲಿದ್ದದ್ದು ಸುಸಂಸ್ಕೃತ ಹಳೆಯ ಕಂಪ್ಯೂಟರಾಗಿದ್ದರೆ, ಹಾರ ಹಾಕಿಸಿಕೊಂಡು ಮರ್ಯಾದೆಯಿಂದ ಕೂತಿರುತ್ತಿತ್ತು. ಶಾಹೀನಳ ಒಂದು ವರ್ಷವೂ ಅದರ ಪಕ್ಕದಲ್ಲೇ ಕೂತಿರುತ್ತಿತ್ತು.